ಶವರ್ ಗೋಡೆಯ ಟೈಲ್ಸ್‌ಗೆ ಯಾವ ಅಂಟು?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಹಳೆಯ ಮನೆಯ ಬಚ್ಚಲನ್ನು ಹೊಸದಾಗಿ ಕಟ್ಟಿಸುತ್ತಿದ್ದೇವೆ. ಶವರ್ ಇರುವ ಗೋಡೆಗೆ ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ವಿಟ್ರಿಫೈಡ್ ಟೈಲ್ಸ್, ನಡುವಿನ ಪಟ್ಟಿಗೆ ಗಾಜಿನ ಮೊಸಾಯಿಕ್, ಉಳಿದ ಗೋಡೆಗಳಿಗೆ ಸಾಧಾರಣ ಸೆರಾಮಿಕ್ ಟೈಲ್ಸ್ ತಂದಿದ್ದೇವೆ. ಮೇಸ್ತ್ರಿಯವರು ಎಲ್ಲಕ್ಕೂ ಸಿಮೆಂಟೇ ಸಾಕೆನ್ನುತ್ತಾರೆ. ಅಂಗಡಿಯವರು ಮೂರು ಬಗೆಯ ಅಂಟು ತೋರಿಸುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಸೆರಾಮಿಕ್ ಟೈಲ್ಸ್‌ನ ಮಟ್ಟಿಗೆ ಮೇಸ್ತ್ರಿಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಉಳಿದೆರಡಕ್ಕೆ ಮಾತ್ರ ದಯವಿಟ್ಟು ಬರಿಯ ಸಿಮೆಂಟನ್ನು ಒಪ್ಪಬೇಡಿ. ಅಂಟನ್ನು ನಿರ್ಧರಿಸುವುದು ಟೈಲಿನ ಹಿಂಬದಿಯೇ ಹೊರತು ಹೊಳೆಯುವ ಮುಂಬದಿಯಲ್ಲ. ಹಿಂಬದಿಗೆ ಒಂದೆರಡು ಹನಿ ನೀರು ಹಾಕಿ ನೋಡಿ: ತೂಕದ ಶೇ 10ಕ್ಕೂ ಹೆಚ್ಚು ನೀರು ಕುಡಿಯಬಲ್ಲ ಸೆರಾಮಿಕ್ ಗೋಡೆ ಟೈಲು ಅದನ್ನು ಬೇಗನೆ ಹೀರಿಕೊಳ್ಳುತ್ತದೆ, ವಿಟ್ರಿಫೈಡ್ ಟೈಲಿನ ಹೀರಿಕೆ ಶೇ 0.5ನ್ನೂ ದಾಟದ ಕಾರಣ ಹನಿ ಹಾಗೆಯೇ ನಿಲ್ಲುತ್ತದೆ. ಸಿಮೆಂಟು ಸಣ್ಣ ರಂಧ್ರಗಳೊಳಗೆ ಇಳಿದು ಹಿಡಿಯುವಂಥದ್ದು. ರಂಧ್ರವೇ ಇಲ್ಲದ ಕಡೆ ಪಾಲಿಮರ್ ಬೆರೆತ ಅಂಟು ಬೇಕೇ ಬೇಕು.

ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಸಂಖ್ಯೆಯನ್ನೂ ಟೈಪ್ 1ರಿಂದ 5ರವರೆಗಿನ ವರ್ಗವನ್ನೂ ನೋಡಿ. ನಿಮ್ಮ ದೊಡ್ಡ ಟೈಲು ಒಂದೊಂದೂ ಸುಮಾರು 15 ಕೆ.ಜಿ. ತೂಗುವುದರಿಂದ, ಗೋಡೆಯಲ್ಲಿ ಜಾರದ ಗುಣವನ್ನು ಸೂಚಿಸುವ 'ಟಿ' ಅಕ್ಷರವಿರುವ ಟೈಪ್ 3 ಅಂಟನ್ನೇ ಕೊಳ್ಳಿರೆಂದು ನನ್ನ ಸಲಹೆ. ಗಾಜಿನ ಮೊಸಾಯಿಕ್‌ಗೆ ಅದಕ್ಕೂ ಬಲವಾದ ಟೈಪ್ 4 ಇರಲಿ, ಅದೂ ಬಿಳಿಯದು. ಬೂದುಬಣ್ಣದ ಅಂಟು ಗಾಜಿನ ಮೂಲಕ ಮಸುಕಾಗಿ ಕಾಣಿಸುತ್ತದೆ. ಡಬ್ಬಿಯಲ್ಲಿ ಕಲಸಿಯೇ ಬರುವ ಅಂಟು ಶವರ್ ಗೋಡೆಗೆ ಬೇಡ. ಅದು ನೀರು ಆರಿದರೆ ಮಾತ್ರ ಗಟ್ಟಿಯಾಗುತ್ತದೆ, ವಿಟ್ರಿಫೈಡ್ ಟೈಲಿನ ಹಿಂದೆ ಆ ನೀರಿಗೆ ಹೊರದಾರಿಯಿಲ್ಲ.

ಒಳ್ಳೆಯ ಅಂಟು ತಂದರೂ ಹಚ್ಚುವಲ್ಲಿ ಕೆಡುವುದೇ ಹೆಚ್ಚು. ವಿಟ್ರಿಫೈಡ್ ಟೈಲಿನ ಹಿಂಬದಿಯಲ್ಲಿ ಕೈಗೆ ಹತ್ತುವ ಬಿಳಿಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಅಂಟು ಟೈಲನ್ನಲ್ಲ, ಆ ಪುಡಿಯನ್ನು ಹಿಡಿಯುತ್ತದೆ. ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಉಂಡೆ ಮೆತ್ತಿ ಒತ್ತುವ ರೂಢಿಯನ್ನು ಖಂಡಿತ ಬಿಡಿಸಿ, ಏಕೆಂದರೆ ಉಂಡೆಗಳ ನಡುವಿನ ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಹಲ್ಲಿನ ಕರಣೆಯಿಂದ ಗೋಡೆಯ ಮೇಲೆ ಒಂದೇ ದಿಕ್ಕಿಗೆ ಗೀರೆಳೆದು, ಟೈಲಿನ ಬೆನ್ನಿಗೂ ತೆಳುವಾಗಿ ಅಂಟು ಸವರಿ ಕೂರಿಸಲು ಹೇಳಿ. ಮೊದಲ ಟೈಲನ್ನು ಕೂಡಲೇ ಕಿತ್ತು, ಹಿಂಬದಿಯೆಲ್ಲ ಅಂಟು ಹತ್ತಿದೆಯೇ ಎಂದು ನೀವೇ ನೋಡಿ. ಮೊಸಾಯಿಕ್‌ಗೆ ಮಾತ್ರ ಆ ಗೀರುಗಳನ್ನು ಸಮ ಮಾಡಿಸಿ, ಇಲ್ಲವಾದರೆ ಗಾಜಿನೊಳಗೆ ಗೆರೆಗಳು ಕಾಣುತ್ತವೆ.

ಅಂಟು ನೀರುತಡೆಯಲ್ಲ. ಗೋಡೆಗೆ ಜಲನಿರೋಧಕ ಲೇಪವನ್ನು ಮೊದಲೇ ಕೊಡಿಸಿ. ಛಾವಣಿಯ ಸೋಲಾರ್‌ನಿಂದ ಬರುವ ಬಿಸಿನೀರಿಗೆ ಟೈಲು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಆದ್ದರಿಂದ ಟೈಲುಗಳ ನಡುವೆ 2ರಿಂದ 3 ಮಿ.ಮೀ. ಸಂದು ಬಿಡಿಸಿ, ಒಂದು ದಿನವಾದರೂ ಕಾದು ಗ್ರೌಟ್ ತುಂಬಿಸಿ, ಗೋಡೆಗಳು ಕೂಡುವ ಮೂಲೆಗೆ ಗ್ರೌಟಿನ ಬದಲು ಸಿಲಿಕೋನ್ ಹಾಕಿಸಿ.