ವುಂಟ್ ರಚನಾವಾದಿಯೇ? ಲೈಪ್‌ಜಿಗ್ ಪ್ರಯೋಗಾಲಯದಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು?

ಮನಸ್ಸಿನ ಅನುಭವವನ್ನು ಬಿಡಿ ಮೂಲಸಂವೇದನೆಗಳಾಗಿ ಒಡೆದು ನೋಡುವ ರಚನಾವಾದದ ಸ್ಥಾಪಕ ಜರ್ಮನಿಯ ಮನೋವಿಜ್ಞಾನಿ ವುಂಟ್ ಎಂದು ಒಂದು ಪುಸ್ತಕ, ಅವರ ಶಿಷ್ಯ ಟಿಚನರ್ ಎಂದು ಇನ್ನೊಂದು ಪುಸ್ತಕ ಹೇಳುತ್ತದೆ, ಯಾವುದು ಸರಿ ಎಂದು ಕೇಳಿದ್ದೀರಿ. ಅಂತರವಲೋಕನ ಅಂದರೆ ಕಣ್ಣುಮುಚ್ಚಿ ಮನಸ್ಸಿನೊಳಗೆ ನೋಡಿಕೊಳ್ಳುವುದಾದರೆ ಅದಕ್ಕೆ ಪ್ರಯೋಗಾಲಯ ಯಾಕೆ ಬೇಕಿತ್ತು ಅನ್ನುವುದು ನಿಮ್ಮ ಎರಡನೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅವಸರದಲ್ಲಿದ್ದರೆ ಇಷ್ಟು ಸಾಕು: ಸ್ಥಾಪಕ ಟಿಚನರ್.

1879ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ವುಂಟ್ ಶುರು ಮಾಡಿದ ಪ್ರಯೋಗಾಲಯದ ಕೆಲಸದಲ್ಲಿ ದೊಡ್ಡ ಪಾಲು ಸಮಯ ಅಳೆಯುವುದೇ. ಅಲ್ಲಿಯ ಮುಖ್ಯ ಉಪಕರಣ ಹಿಪ್ ಕ್ರೋನೋಸ್ಕೋಪ್. ತೂಕದ ಗುಂಡು ಇಳಿಯುತ್ತಾ ಓಡಿಸುವ ಗಡಿಯಾರ ಅದು. ಸೆಕೆಂಡಿಗೆ 1000 ಸಲ ಕಂಪಿಸುವ ಲೋಹದ ಪಟ್ಟಿ ಅದರ ವೇಗವನ್ನು ಹಿಡಿದಿಡುತ್ತದೆ. ಮುಖದ ಮೇಲೆ ಎರಡು ಡಯಲ್, ಒಂದೊಂದರಲ್ಲೂ 100 ಗೆರೆ. ಒಂದರ ಮುಳ್ಳು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಒಂದು ಸುತ್ತು ಬರುತ್ತದೆ, ಹಾಗಾಗಿ ಒಂದು ಗೆರೆ ಅಂದರೆ ಒಂದು ಮಿಲಿಸೆಕೆಂಡ್. ಯಂತ್ರ ಮೊದಲೇ ಓಡುತ್ತಿರುತ್ತದೆ, ಮುಳ್ಳು ಮಾತ್ರ ನಿಂತಿರುತ್ತದೆ. ಬೆಳಕೋ ಸದ್ದೋ ಬಂದ ಗಳಿಗೆಯಲ್ಲಿ ವಿದ್ಯುತ್ಕಾಂತ ಮುಳ್ಳನ್ನು ಯಂತ್ರಕ್ಕೆ ಸೇರಿಸುತ್ತದೆ. ಪ್ರಯೋಗಕ್ಕೆ ಕೂತವರು ಟೆಲಿಗ್ರಾಫ್ ಕೀಲಿಯಿಂದ ಬೆರಳೆತ್ತಿದ ಕೂಡಲೇ ಮುಳ್ಳು ನಿಲ್ಲುತ್ತದೆ.

ಕೈಕೊಡುತ್ತಿದ್ದದ್ದು ಆ ವಿದ್ಯುತ್ಕಾಂತವೇ. ಅದು ಎಳೆದುಕೊಳ್ಳಲು ಹಿಡಿಯುವ ಸಮಯ ಬೇರೆ, ಬಿಡಲು ಹಿಡಿಯುವ ಸಮಯ ಬೇರೆ, ಎರಡೂ ಬ್ಯಾಟರಿಯ ಬಲಕ್ಕೆ ತಕ್ಕಂತೆ ಬದಲಾಗುತ್ತವೆ. ಬ್ಯಾಟರಿ ಇಳಿಯುತ್ತಾ ಹೋದರೆ ಮನುಷ್ಯ ಬದಲಾಗದಿದ್ದರೂ ಅಂಕಿ ಬದಲಾಗುತ್ತದೆ. ಅದಕ್ಕೇ ಬೀಳುವ ಸಮಯ ಮೊದಲೇ ಗೊತ್ತಿರುವ ಒಂದು ಸುತ್ತಿಗೆಯನ್ನು ಬೀಳಿಸಿ ಯಂತ್ರವನ್ನು ತಾಳೆ ನೋಡಿ, ವಿದ್ಯುತ್ತನ್ನು ಸರಿಹೊಂದಿಸಿಕೊಳ್ಳುತ್ತಿದ್ದರು. ಈ ಮಂದಿಯನ್ನು ‘ಕುರ್ಚಿಯಲ್ಲಿ ಕೂತು ಯೋಚಿಸಿದವರು’ ಎಂದು ತಳ್ಳಿಹಾಕುವ ಟಿಪ್ಪಣಿಗಳನ್ನು ಓದಿದಾಗ ನನಗೆ ನಗು ಬರುತ್ತದೆ.

ಅಳೆದು ಮಾಡುತ್ತಿದ್ದದ್ದೇನು? ಯುಟ್ರೆಕ್ಟ್‌ನ ಶರೀರವಿಜ್ಞಾನಿ ಡಾಂಡರ್ಸ್ 1868ರಲ್ಲೇ ಕಳೆಯುವ ಲೆಕ್ಕವೊಂದನ್ನು ಕೊಟ್ಟಿದ್ದರು. ಬೆಳಕು ಕಂಡ ಕೂಡಲೇ ಒತ್ತುವುದು ಸರಳ ಪ್ರತಿಕ್ರಿಯೆ. ಕೆಂಪಾದರೆ ಒತ್ತು, ಹಸಿರಾದರೆ ಸುಮ್ಮನಿರು ಅನ್ನುವುದು ಎರಡನೆಯದು. ಕೆಂಪಿಗೆ ಬಲಗೈ, ಹಸಿರಿಗೆ ಎಡಗೈ ಅನ್ನುವುದು ಮೂರನೆಯದು. ಲೆಕ್ಕಕ್ಕೆಂದು 220, 290, 350 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ: ಬಣ್ಣ ಗುರುತಿಸಲು 70, ಕೈ ಆರಿಸಲು 60. ವುಂಟ್ ಇದನ್ನೇ ಮುಂದುವರಿಸಿದರು. ಅವರ ಕೈಕೆಳಗೆ ಮ್ಯಾಕ್ಸ್ ಫ್ರೀಡ್ರಿಶ್ ಮಾಡಿದ ಮೊದಲ ಡಾಕ್ಟರೇಟ್ ಪ್ರಯೋಗವೂ ಇಂಥದ್ದೇ.

ಇಲ್ಲಿ ಅಂತರವಲೋಕನದ ಪಾಲು ಬಲು ಚಿಕ್ಕದು. ‘ಕಂಡಿತು’, ‘ಇದು ಅದಕ್ಕಿಂತ ಜೋರು’, ‘ಎರಡೂ ಒಂದೇ’ ಇಷ್ಟೇ ಹೇಳಬೇಕಾದದ್ದು. ಕೂತವರಿಗೆ ಯಾವಾಗ ಏನು ಬರುತ್ತದೆಂದು ತಿಳಿದಿರಬೇಕು, ಗಮನ ಅಲ್ಲೇ ಇರಬೇಕು, ಅದೇ ಪ್ರಯೋಗ ಮತ್ತೆ ಮತ್ತೆ ಮಾಡುವಂತಿರಬೇಕು, ಸನ್ನಿವೇಶವನ್ನು ಬೇಕಾದಂತೆ ಬದಲಿಸುವಂತಿರಬೇಕು. ಇವಿಲ್ಲದ ಆತ್ಮವಿವರಣೆಯನ್ನು ವುಂಟ್ ನಂಬುತ್ತಿರಲಿಲ್ಲ. ಭಾಷೆ, ಪುರಾಣ, ರೂಢಿಗಳಲ್ಲಿ ಕಾಣುವ ಮೇಲುಮಟ್ಟದ ಮನೋವ್ಯಾಪಾರ ಪ್ರಯೋಗಾಲಯಕ್ಕೆ ಸಿಗದು ಎಂದೇ 1900ರಿಂದ 1920ರವರೆಗೆ ಅದರ ಮೇಲೆ 10 ಸಂಪುಟ ಬರೆದರು. ಅವರ ಒತ್ತು ಸಂಕಲ್ಪದ ಮೇಲೆ. ಮನಸ್ಸು ಬಿಡಿಭಾಗಗಳನ್ನು ತಾನೇ ಕೂಡಿಸಿ ಹೊಸದನ್ನು ಕಟ್ಟುತ್ತದೆ ಅನ್ನುವುದು ಅವರ ನಿಲುವು.

ಟಿಚನರ್ ಇಂಗ್ಲೆಂಡಿನವರು. 1892ರಲ್ಲಿ ಲೈಪ್‌ಜಿಗ್‌ನಲ್ಲಿ ಪದವಿ ಮುಗಿಸಿ ಅಮೆರಿಕದ ಕಾರ್ನೆಲ್‌ಗೆ ಹೋದರು. 1898ರ ಲೇಖನದಲ್ಲಿ ತಮ್ಮದು ರಚನೆಯ ಮನೋವಿಜ್ಞಾನ, ಎದುರಿನವರದು ಕಾರ್ಯದ ಮನೋವಿಜ್ಞಾನ ಎಂದು ಗೆರೆ ಎಳೆದವರು ಅವರೇ. ಅವರ ಪ್ರಯೋಗಾಲಯದಲ್ಲಿ ‘ಮೇಜು ಕಾಣಿಸುತ್ತಿದೆ’ ಅಂದರೆ ತಪ್ಪು. ಮೇಜು ಹೊರಗಿನ ವಸ್ತು. ನೀವು ಹೇಳಬೇಕಾದದ್ದು ಇಂಥ ಬಣ್ಣ, ಇಷ್ಟು ಹೊಳಪು, ಇಷ್ಟು ಹರವು. ಆ ತಪ್ಪಿಗೆ ಉದ್ದೀಪನ ದೋಷ ಎಂದು ಹೆಸರು, ಅದು ಬರದ ಹಾಗೆ ಕೂತವರನ್ನು ಪಳಗಿಸಬೇಕು. ಹೀಗೆ ಎಣಿಸಿ 1896ರಲ್ಲಿ 44 ಸಾವಿರಕ್ಕೂ ಮಿಕ್ಕಿ ಮೂಲಸಂವೇದನೆಗಳ ಪಟ್ಟಿ ಕೊಟ್ಟರು. ಪಠ್ಯಪುಸ್ತಕದ ‘ವುಂಟ್‌ರ ರಚನಾವಾದ’ ನಿಜವಾಗಿ ಇದು. ಟಿಚನರ್‌ರ ಶಿಷ್ಯ ಬೋರಿಂಗ್ 1929ರಲ್ಲಿ ಬರೆದ ಚರಿತ್ರೆ ಗುರುವಿನ ಕಣ್ಣಿನಿಂದಲೇ ವುಂಟ್‌ರನ್ನು ನೋಡಿತು, ಉಳಿದವರು ಅದನ್ನೇ ಇಳಿಸಿಕೊಂಡರು. 1970ರ ದಶಕದಲ್ಲಿ ಬ್ಲೂಮೆಂಥಾಲ್, ಡಾನ್‌ಜಿಗರ್ ಮೊದಲಾದವರು ಮೂಲ ಜರ್ಮನ್ ಓದಿ ತಿದ್ದಿದರು.

ಅಂತರವಲೋಕನ ಮುರಿದುಬಿದ್ದದ್ದು ವುರ್ಟ್ಸ್‌ಬರ್ಗ್‌ನಲ್ಲಿ. ಅಲ್ಲಿ ವುಂಟ್‌ರದೇ ಶಿಷ್ಯ ಕ್ಯೂಲ್ಪೆ ಇದ್ದರು. 1901ರಲ್ಲಿ ಅವರ ಬಳಗದ ಮಾರ್ಬೆ ಎರಡು ತೂಕ ಎತ್ತಿಸಿ ಯಾವುದು ಭಾರ ಎಂದು ಕೇಳಿದರು. ಉತ್ತರ ಸರಿಯಾಗೇ ಬರುತ್ತಿತ್ತು; ಆ ತೀರ್ಮಾನ ಮನಸ್ಸಿನಲ್ಲಿ ಹೇಗೆ ಮೂಡಿತು ಎಂದರೆ ಹೇಳಲು ಏನೂ ಸಿಗುತ್ತಿರಲಿಲ್ಲ. 1907ರಲ್ಲಿ ಅದೇ ಬಳಗದ ಬ್ಯೂಲರ್ ಕಷ್ಟದ ಪ್ರಶ್ನೆ ಕೊಟ್ಟು, ಉತ್ತರಿಸಿದ ಮೇಲೆ ಒಳಗೆ ನಡೆದದ್ದನ್ನು ವಿವರಿಸಲು ಹೇಳಿದರು. ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡದ, ಬಿಂಬವಿಲ್ಲದ ಆಲೋಚನೆ ಇದೆ ಎಂದು ಇವರೆಲ್ಲ ಹೇಳಿದರು. ಇದು ಪ್ರಯೋಗವೇ ಅಲ್ಲ, ಮೇಲೆ ಹೇಳಿದ ಷರತ್ತುಗಳೆಲ್ಲ ತಪ್ಪಿವೆ ಎಂದು ವುಂಟ್ ಅದೇ ವರ್ಷ ಹರಿಹಾಯ್ದರು. ಟಿಚನರ್ ತಕರಾರು ಬೇರೆ: ಬಿಂಬ ಇದ್ದೇ ಇದೆ, ನೀವು ಸರಿಯಾಗಿ ನೋಡಿಲ್ಲ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಿದ್ದರೆ ತೀರ್ಪು ಕೊಡುವವರು ಯಾರು? 1913ರಲ್ಲಿ ಅಮೆರಿಕದ ವಾಟ್ಸನ್, ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆನ್ನುವ ವರ್ತನಾವಾದ ಸಾರಿದಾಗ ಈ ಬಗೆಹರಿಯದ ಜಗಳ ಅವರ ಕೈಗೆ ಸಿಕ್ಕ ಒಳ್ಳೆಯ ಸಾಕ್ಷಿಯಾಗಿತ್ತು.

ಈ ವಂಶಾವಳಿ ಮೈಸೂರಿಗೂ ಬರುತ್ತದೆ. ಲೈಪ್‌ಜಿಗ್‌ನಲ್ಲಿ ವುಂಟ್ ಬಳಿ ಓದಿದ ಸ್ಪಿಯರ್‌ಮನ್, ಲಂಡನ್ನಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರಿಗೆ ಗುರು, 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದವರು ಗೋಪಾಲಸ್ವಾಮಿ. 1935ರಲ್ಲಿ ಮನೆಯಿಂದಲೇ ‘ಆಕಾಶವಾಣಿ’ ಬಿತ್ತರಿಸಿದವರೂ ಅವರೇ.

ಡಾಂಡರ್ಸ್ ಪ್ರಯೋಗವನ್ನು ನೀವೇ ಮಾಡಿ ನೋಡಬಹುದು, ಒಂದು ಕಂಪ್ಯೂಟರ್ ಸಾಕು. ಮೂರು ಕೆಲಸಕ್ಕೂ 40-40 ಸರದಿ ಕೊಡಿ, ಮೊದಲ 10 ಅಭ್ಯಾಸವೆಂದು ಬಿಡಿ. ‘ಸಿದ್ಧ’ ಎಂದ ಮೇಲೆ ಬೆಳಕು ಬರುವ ಅಂತರವನ್ನು 1ರಿಂದ 3 ಸೆಕೆಂಡಿನ ನಡುವೆ ಬದಲಿಸುತ್ತಿರಿ. ಒಂದೇ ಅಂತರವಾದರೆ ಕೂತವರು ತಾಳ ಹಿಡಿದು ಮೊದಲೇ ಒತ್ತುತ್ತಾರೆ. 100 ಮಿಲಿಸೆಕೆಂಡಿಗಿಂತ ಕಡಿಮೆ ಬಂದದ್ದನ್ನೂ ತಪ್ಪು ಒತ್ತಿದ್ದನ್ನೂ ತೆಗೆದುಹಾಕಿ, ಸರಾಸರಿ ಬದಲು ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆದುಕೊಳ್ಳಿ, ಯಾಕೆಂದರೆ ನಾಲ್ಕಾರು ನಿಧಾನದ ಸರದಿಗಳೇ ಸರಾಸರಿಯನ್ನು ಎಳೆದುಬಿಡುತ್ತವೆ. ಪರದೆ, ಕೀಲಿಮಣೆಯ ವಿಳಂಬದ ಚಿಂತೆ ಅಷ್ಟಾಗಿ ಬೇಡ. ಮೂರರಲ್ಲೂ ಅದೇ ಯಂತ್ರವಿದ್ದರೆ ಕಳೆಯುವಾಗ ಹೆಚ್ಚುಪಾಲು ಹೋಗುತ್ತದೆ. ಕೆಲಸಗಳ ಕ್ರಮವನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ ಇಡಿ, ಇಲ್ಲದಿದ್ದರೆ ಅಭ್ಯಾಸವೂ ಆಯಾಸವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ.

ಆಮೇಲೆ ಸರಳ ಪ್ರತಿಕ್ರಿಯೆಯನ್ನೇ ಎರಡು ಬಗೆಯಲ್ಲಿ ಮಾಡಿಸಿ: ಒಮ್ಮೆ ಗಮನವೆಲ್ಲ ಬರಲಿರುವ ಬೆಳಕಿನ ಮೇಲೆ, ಇನ್ನೊಮ್ಮೆ ಒತ್ತಬೇಕಾದ ಬೆರಳಿನ ಮೇಲೆ. ವುಂಟ್‌ರ ಪ್ರಯೋಗಾಲಯದಲ್ಲೇ ಲುಡ್‌ವಿಗ್ ಲಾಂಗೆ 1888ರಲ್ಲಿ ಈ ಎರಡರ ನಡುವೆ ಸುಮಾರು 100 ಮಿಲಿಸೆಕೆಂಡ್ ವ್ಯತ್ಯಾಸ ಕಂಡಿದ್ದರು. ಬರೀ ಸೂಚನೆ ಬದಲಿಸಿದ್ದಕ್ಕೇ ಇಷ್ಟು ವ್ಯತ್ಯಾಸ ಬಂದರೆ, ಒಂದು ಕೆಲಸಕ್ಕೆ ಇನ್ನೊಂದು ಹಂತ ಸೇರಿದಾಗ ಮಿಕ್ಕದ್ದೆಲ್ಲ ಹಾಗೇ ಉಳಿಯುತ್ತದೆ ಅನ್ನುವ ಡಾಂಡರ್ಸ್ ಲೆಕ್ಕದ ಬುಡವೇ ಅಲ್ಲಾಡುತ್ತದೆ. 1893ರಲ್ಲಿ ಕ್ಯೂಲ್ಪೆ ಎತ್ತಿದ ಆಕ್ಷೇಪ ಇದೇ. ಹಾಗಾಗಿ ರೆಕಾರ್ಡ್ ಪುಸ್ತಕದಲ್ಲಿ ಅಂಕಿಯ ಪಕ್ಕದಲ್ಲೇ ನೀವು ಕೊಟ್ಟ ಸೂಚನೆಯನ್ನು ಆಡಿದ ಮಾತಿನಲ್ಲೇ ಬರೆದಿಡಿ.