ಪ್ರತಿಕ್ರಿಯೆ: ಬಾಟ್‌ನ ಬಹಿರ್ಮುಖತೆ 3ರಲ್ಲೇ ನಿಲ್ಲುವುದೇಕೆ?

ಎಐ ಚಾಟ್‌ಬಾಟ್‌ಗೆ ‘ನೀನು ಬಹಿರ್ಮುಖಿ’ ಎಂದು ಪ್ರಾಂಪ್ಟ್ (ಸೂಚನೆ) ಕೊಟ್ಟು, ಮನುಷ್ಯರ ವ್ಯಕ್ತಿತ್ವ ಅಳೆಯಲು ಕೊಡುವ 50 ಹೇಳಿಕೆಗಳ ಐಪಿಐಪಿ ಪ್ರಶ್ನಾವಳಿ (ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ) ಹಾಕಿದರೂ ಬಹಿರ್ಮುಖತೆಯ ಸರಾಸರಿ 3 ದಾಟುತ್ತಿಲ್ಲ ಎಂದಿದ್ದೀರಿ. ಮೊದಲು ರಿವರ್ಸ್ ಹೇಳಿಕೆಗಳನ್ನು, ಅಂದರೆ ಒಪ್ಪಿದರೆ ಗುಣ ಕಮ್ಮಿ ಎಂದು ತೋರಿಸುವಂಥವನ್ನು ನೋಡಿ. ಈ ಗುಣದ 10ರಲ್ಲಿ 5 ಅಂಥವು. ಅವುಗಳ ಅಂಕವನ್ನು 6ರಿಂದ ಕಳೆಯಬೇಕು. ಕಳೆದಿದ್ದರೂ 3 ಬಂದರೆ ಬಾಟ್ ಎಲ್ಲಕ್ಕೂ ಹೂಂಗುಟ್ಟುತ್ತಿದೆ ಎನ್ನುವ ಅನುಮಾನ ನನ್ನದು: ‘ಮಾತು ಜಾಸ್ತಿ’ ಎಂಬುದಕ್ಕೂ 4, ‘ಮಾತು ಕಮ್ಮಿ’ ಎಂಬುದಕ್ಕೂ 4. ಎರಡನೆಯದು 2 ಆಗುತ್ತದೆ, ಸರಾಸರಿ 3. ಕಚ್ಚಾ ಉತ್ತರಗಳನ್ನು ತೆರೆದರೆ ಗೊತ್ತಾಗಿಬಿಡುತ್ತದೆ.

ಪ್ರತಿ ಹೇಳಿಕೆಯನ್ನೂ ಹೊಸ ಚಾಟ್‌ನಲ್ಲಿ ಕೇಳಿ. ಒಂದೇ ಕಡೆ ಸುರಿದರೆ ಹಿಂದಿನ ಉತ್ತರ ಮುಂದಿನದನ್ನು ಎಳೆಯುತ್ತದೆ. ಆಯ್ಕೆಗಳ ಕ್ರಮವನ್ನು ಅರ್ಧ ಸಲ ತಿರುಗಿಸಿ.

ಇನ್ನೊಂದು, ಜನ ಎಡವುವುದೇ ಇಲ್ಲಿ: ಒಂದೇ ಪ್ರಾಂಪ್ಟನ್ನು 100 ಸಲ ಓಡಿಸಿದರೆ 100 ವ್ಯಕ್ತಿಗಳಾಗುವುದಿಲ್ಲ. ಉತ್ತರಗಳಲ್ಲಿ ಕಾಣುವ ವ್ಯತ್ಯಾಸ ಬರೀ ಟೆಂಪರೇಚರ್‌ನದು (ಉತ್ತರ ಸಲಸಲಕ್ಕೂ ಎಷ್ಟು ಬದಲಾಗಬಹುದು ಎಂಬುದನ್ನು ನಿರ್ಧರಿಸುವ ಸೆಟ್ಟಿಂಗ್). ಅದರ ಮೇಲೆ ಕ್ರೋನ್‌ಬಾಕ್ ಆಲ್ಫಾ (ಒಂದು ಗುಣದ ಹೇಳಿಕೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬ ಅಳತೆ) ಹಾಕಬೇಡಿ. ಗುಣದ ತೀವ್ರತೆ, ಹಿನ್ನೆಲೆ ಎರಡನ್ನೂ ಬದಲಿಸುತ್ತ ಬೇರೆಬೇರೆ ಪಾತ್ರಗಳನ್ನು ಕಟ್ಟಿ. ಮನುಷ್ಯರ ಸರಾಸರಿಯೊಂದಿಗೆ ಹೋಲಿಕೆ ಸದ್ಯಕ್ಕೆ ಬೇಡ.

ಕೊನೆಗೆ ಅದೇ ಪಾತ್ರಗಳಿಂದ ಪತ್ರವೋ ಸಂಭಾಷಣೆಯೋ ಬರೆಸಿ, ಪ್ರಾಂಪ್ಟ್ ತಿಳಿಯದ ಇಬ್ಬರಿಂದ ಅಂಕ ಹಾಕಿಸಿ. ಪ್ರಶ್ನಾವಳಿಯ ಅಂಕಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಪ್ರಶ್ನಾವಳಿಯನ್ನೇ ಬಿಡಿ.