ಎಂಜಿನ್ ಸಿಸಿ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಕಾರಿನದು ನಾಲ್ಕು ಸಿಲಿಂಡರ್ ಎಂಜಿನ್. ಕೈಪಿಡಿಯಲ್ಲಿ ಬೋರ್ 73 ಮಿ.ಮೀ., ಸ್ಟ್ರೋಕ್ 71.5 ಮಿ.ಮೀ. ಎಂದಿದೆ. ನಾನು ಲೆಕ್ಕ ಹಾಕಿದರೆ 4,788 ಸಿಸಿ (ಘನ ಸೆಂ.ಮೀ.) ಬರುತ್ತದೆ, ಕೈಪಿಡಿಯಲ್ಲಿರುವುದು 1,197. ಎಲ್ಲಿ ತಪ್ಪಿದೆ?

ಉತ್ತರ: ನಿಮಗೆ ಬಂದಿರುವುದು ಸರಿಯಾದ ಅಂಕಿಯ ನಾಲ್ಕು ಪಟ್ಟು. ಅದರಲ್ಲೇ ಸುಳಿವಿದೆ. ಸ್ಟ್ರೋಕ್ ಎಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಚಲಿಸುವ ದೂರ, ಬೋರ್ ಎಂದರೆ ಸಿಲಿಂಡರಿನ ಒಳವ್ಯಾಸ. ನೀವು ಅದನ್ನು ತ್ರಿಜ್ಯವೆಂದುಕೊಂಡು ವರ್ಗ ಮಾಡಿದ್ದೀರಿ. ಅರ್ಧ ಮಾಡುವ ಗೊಡವೆಯೇ ಬೇಡ ಎಂದಾದರೆ ವ್ಯಾಸದ ವರ್ಗವನ್ನು 0.7854ರಿಂದ ಗುಣಿಸಿ. ಅದು ಪೈ ಬೆಲೆಯ ಕಾಲು ಭಾಗ.

ಮೊದಲೇ ಸೆಂಟಿಮೀಟರಿಗೆ ತಂದುಕೊಳ್ಳಿ. 7.3 × 7.3 = 53.29. ಇದನ್ನು 0.7854ರಿಂದ ಗುಣಿಸಿದರೆ 41.85 ಚದರ ಸೆಂ.ಮೀ. ಅದಕ್ಕೆ ಸ್ಟ್ರೋಕ್ 7.15 ಗುಣಿಸಿದರೆ ಒಂದು ಸಿಲಿಂಡರಿಗೆ ಸುಮಾರು 299.26 ಸಿಸಿ, ನಾಲ್ಕಕ್ಕೆ 1,197. ಮಿಲಿಮೀಟರಿನಲ್ಲೇ ಗುಣಿಸಿದರೆ ಕೊನೆಗೆ 1,000ದಿಂದ ಭಾಗಿಸಬೇಕು. ಹತ್ತರಿಂದ ಭಾಗಿಸಿ ಸುಮ್ಮನಾಗುವವರು ಬಹಳ ಮಂದಿ.

ಪ್ರಶ್ನೆ: ಹಳೆಯ ಎಂಜಿನ್, ಕೈಪಿಡಿ ಇಲ್ಲ. ಹೆಡ್ (ಸಿಲಿಂಡರುಗಳ ಮೇಲ್ಮುಚ್ಚಳ) ಬಿಚ್ಚಿದ್ದೇನೆ. ಬೋರ್, ಸ್ಟ್ರೋಕ್ ಅಳೆಯುವುದು ಹೇಗೆ?

ಉತ್ತರ: ಹೆಚ್ಚಿನ ಜಾಗ್ರತೆ ಬೇಕಾದದ್ದು ಬೋರ್‌ಗೆ. ಲೆಕ್ಕದಲ್ಲಿ ಅದು ಎರಡು ಸಲ ಗುಣಿಸಲ್ಪಡುವುದರಿಂದ ತಪ್ಪೂ ಇಮ್ಮಡಿಯಾಗುತ್ತದೆ. ಮೇಲಿನ ಎಂಜಿನ್‌ನಲ್ಲಿ ಬೋರ್ 0.1 ಮಿ.ಮೀ. ತಪ್ಪಿದರೆ ಸುಮಾರು 3.3 ಸಿಸಿ ವ್ಯತ್ಯಾಸ. ಸ್ಟ್ರೋಕ್ ಅಷ್ಟೇ ತಪ್ಪಿದರೆ 1.7 ಸಿಸಿ.

ಪಿಸ್ಟನ್ ಅಳೆದು ಅದನ್ನೇ ಬೋರ್ ಎನ್ನಬೇಡಿ. ಪಿಸ್ಟನ್ ಯಾವಾಗಲೂ ಬೋರ್‌ಗಿಂತ ಚಿಕ್ಕದು, ಅದರ ತಲೆಯ ಭಾಗವಂತೂ ಇನ್ನೂ ಚಿಕ್ಕದು. ಸಿಲಿಂಡರಿನೊಳಗೆ ಬೋರ್ ಗೇಜ್ ಇಟ್ಟು ಒಂದಕ್ಕೊಂದು ಅಡ್ಡವಾಗಿ ಎರಡು ದಿಕ್ಕಿನಲ್ಲಿ ಅಳೆಯಿರಿ. ಸವೆತ ಅತಿ ಹೆಚ್ಚಿರುವುದು ಪಿಸ್ಟನ್ ಸುತ್ತಲಿನ ರಿಂಗ್‌ಗಳಲ್ಲಿ ಮೇಲಿನದು ತುದಿಗೆ ಬಂದು ಹಿಂದಿರುಗುವ ಜಾಗದಲ್ಲಿ, ಆ ಅಳತೆ ನೆಚ್ಚಬಾರದು. ಮೂಲ ಅಳತೆ ಬೇಕಿದ್ದರೆ ರಿಂಗ್ ತಲುಪದ ಕೆಳಭಾಗದಲ್ಲಿ ನೋಡಿ.

ಸ್ಟ್ರೋಕ್‌ಗೆ ಡೆಪ್ತ್ ಗೇಜ್ ಸಾಕು. ಪಿಸ್ಟನ್ ತೀರ ಮೇಲಿದ್ದಾಗ ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ ಭಾಗದ) ಮೇಲ್ಮೈಯಿಂದ ಎಷ್ಟು ಕೆಳಗಿದೆ ನೋಡಿ, ತೀರ ಕೆಳಗಿಳಿಸಿ ಮತ್ತೆ ನೋಡಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಮೇಲಿನ ಅಳತೆ ಬಿಟ್ಟು ಆಳವನ್ನೇ ಸ್ಟ್ರೋಕ್ ಎಂದರೆ, 0.5 ಮಿ.ಮೀ. ಕೆಳಗೇ ನಿಲ್ಲುವ ಪಿಸ್ಟನ್ ಅಷ್ಟನ್ನೂ ಸೇರಿಸಿಬಿಡುತ್ತದೆ. ಪಿಸ್ಟನ್ ಬ್ಲಾಕಿಗಿಂತ ಮೇಲೆ ಬರುವುದಾದರೆ ಆ ಉಬ್ಬನ್ನು ಕೂಡಿಸಬೇಕು. ಎರಡೂ ಸಲ ಪಿಸ್ಟನ್ನಿನ ನಟ್ಟನಡುವಿನ ಒಂದೇ ಬಿಂದುವಿನಲ್ಲಿ ಅಳೆಯಿರಿ. ಅಂಚಿನಲ್ಲಾದರೆ ಪಿಸ್ಟನ್ ತನ್ನನ್ನು ಹಿಡಿದಿರುವ ಪಿನ್ನಿನ ಮೇಲೆ ಓಲಾಡಿ ಅಳತೆ ಕೆಡಿಸುತ್ತದೆ.

ಪ್ರಶ್ನೆ: 0.5 ಮಿ.ಮೀ. ರೀಬೋರ್ ಮಾಡಿಸಿದರೆ (ಸಿಲಿಂಡರನ್ನು ಕೊರೆದು ಅಗಲಿಸಿದರೆ) ಸಿಸಿ ಎಷ್ಟು ಏರುತ್ತದೆ? ಹೆಡ್ಡಿನೊಳಗಿನ ಜಾಗವನ್ನೂ ಲೆಕ್ಕಕ್ಕೆ ಸೇರಿಸಬೇಕೇ?

ಉತ್ತರ: ಹೆಡ್ಡಿನ ಜಾಗ ಸಿಸಿಗೆ ಸೇರುವುದಿಲ್ಲ. ಸಿಸಿ ಎಂದರೆ ಪಿಸ್ಟನ್ ಓಡಾಡುವ ಜಾಗ ಮಾತ್ರ. ಹೆಡ್ಡಿನ ಜಾಗ ಬೇಕಾಗುವುದು ಕಂಪ್ರೆಷನ್ ಅನುಪಾತಕ್ಕೆ, ಅಂದರೆ ಪಿಸ್ಟನ್ ತೀರ ಕೆಳಗಿದ್ದಾಗಿನ ಒಟ್ಟು ಜಾಗ ತೀರ ಮೇಲಿದ್ದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬ ಲೆಕ್ಕಕ್ಕೆ.

73 ಮಿ.ಮೀ. ಬೋರ್ 73.5 ಆದರೆ 1,197 ಸಿಸಿ ಸುಮಾರು 1,213.5 ಆಗುತ್ತದೆ. ಓಡಿಸುವಾಗ ಆ ಹದಿನಾರು ಸಿಸಿ ಗೊತ್ತಾಗದು, ಅದಕ್ಕಾಗಿಯೇ ರೀಬೋರ್ ಮಾಡಿಸುವುದು ವ್ಯರ್ಥ. ಸವೆದ ಸಿಲಿಂಡರ್ ಸರಿಪಡಿಸುವುದೇ ಅದರ ಉದ್ದೇಶ. ಅನುಪಾತ 10 ಇದ್ದ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 299.26 ÷ 9, ಅಂದರೆ 33.25 ಸಿಸಿ. ಆ ಜಾಗ ಹಾಗೇ ಉಳಿದರೆ ರೀಬೋರ್ ನಂತರ ಅನುಪಾತ 10.12ಕ್ಕೆ ಏರುತ್ತದೆ.

ಹೆಡ್ ಗ್ಯಾಸ್ಕೆಟ್‌ನ (ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆಯ) ರಂಧ್ರವನ್ನು ಮಾತ್ರ ತಪ್ಪದೆ ನೋಡಿಕೊಳ್ಳಿ. ಅದು ಹೊಸ ಬೋರ್‌ಗಿಂತ ಚಿಕ್ಕದಿದ್ದರೆ ಅಂಚು ಸಿಲಿಂಡರಿನೊಳಕ್ಕೆ ಚಾಚಿಕೊಂಡು ಬೆಂಕಿಗೆ ಸುಡುತ್ತದೆ.